ಹಿನ್ನೀರಿನ ದಂಡೆಗೊಂದು ಮನೆ ಬೇಕು ಅನ್ನುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ನೀರು ಕಾಣುವ ಜಾಗ, ಸದ್ದಿಲ್ಲದ ಹಳ್ಳಿ, ಸಣ್ಣದೊಂದು ಮನೆ. ಆಲಮಟ್ಟಿ, ಹಿಡಕಲ್, ವಿಜಯಪುರದ ಕೆರೆಗಳು, ಎಲ್ಲ ಕಡೆ ಬಗ್ಗೆಯೂ ಕೇಳಿದ್ದೀರಿ. ಉತ್ತರಕ್ಕೆ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬಾಗಲಕೋಟೆ ನವನಗರದವನು, ಅಂದರೆ ಮುಳುಗಡೆಯವನು. ನಮ್ಮ ಹಳೇ ಮನೆ ಹಿನ್ನೀರಿಗೆ ಹೋಗಿದೆ. ನೀರು ಬಂತು ಅಂತ ಮನೆ ಬಿಟ್ಟವನನ್ನೇ ಹಿಡಿದು, ನೀರಿನ ಹತ್ತಿರ ಮನೆ ಎಲ್ಲಿ ಕೊಳ್ಳಲಿ ಅಂತ ಕೇಳುತ್ತಿದ್ದೀರಿ. ಉತ್ತರ ಸ್ವಲ್ಪ ಒರಟು ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ ಸರ್. ಬೀಳಗಿ ತಾಲೂಕಿನವನು, ಬೆಂಗಳೂರಿನಲ್ಲಿ ನೌಕರಿ. ಮುಂದಿನ ವರ್ಷ ನಿವೃತ್ತಿ. ದೀಪಾವಳಿಗೆ ಊರಿಗೆ ಹೋದಾಗ ಆಲಮಟ್ಟಿ ಹಿನ್ನೀರಿನ ದಂಡೆಗೆ ಒಂದೂವರೆ ಎಕರೆ ಹೊಲ, ಅದರಲ್ಲೇ ಎರಡು ಕೋಣೆಯ ಮನೆ ನೋಡಿದೆ. ಮನೆ ಮುಂದಿನ ಕಟ್ಟೆಯಿಂದ ನೀರಿಗೆ ಐವತ್ತು ಹೆಜ್ಜೆ ಅಷ್ಟೇ. ಸಂಜೆ ಸೂರ್ಯ ನೀರಿನಲ್ಲೇ ಇಳಿಯುತ್ತಾನೆ. ಬೇರೆ ಗಿರಾಕಿ ಇದ್ದಾರೆ, ಬೇಗ ಮುಂಗಡ ಕೊಡಿ ಅನ್ನುತ್ತಿದ್ದಾರೆ. ಕೊಡಲಾ?

ಉತ್ತರ: ಕೊಡಬೇಡಿ. ಮೇ ತಿಂಗಳ ಕೊನೇ ವಾರ ಹೋಗಿ ಅದೇ ಕಟ್ಟೆ ಮೇಲೆ ನಿಂತು ನೋಡಿ, ಆಮೇಲೆ ಮುಂಗಡದ ಮಾತು. ಬೇರೆ ಗಿರಾಕಿ ಯಾವಾಗಲೂ ಇರುತ್ತಾರೆ, ಅವರಿಗೆ ಹೆದರಬೇಡಿ.

ನೀವು ನೋಡಿದ್ದು ದೀಪಾವಳಿ ನೀರು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದಾಗ ಆಲಮಟ್ಟಿ ತುಂಬುತ್ತದೆ, ದೀಪಾವಳಿ ಹೊತ್ತಿಗೂ ತುಂಬಿದ ಕೊಡದ ಹಾಗೇ ಇರುತ್ತದೆ. ಆಮೇಲೆ ಕಾಲುವೆಗೆ, ಕುಡಿಯುವ ನೀರಿಗೆ ಅಂತ ಇಳಿಯುತ್ತಾ ಹೋಗುತ್ತದೆ. ಬೇಸಿಗೆಗೆ ನಿಮ್ಮ ಐವತ್ತು ಹೆಜ್ಜೆ ಅರ್ಧ ಕಿಲೋಮೀಟರ್ ಆಗಿದ್ದರೂ ಆಶ್ಚರ್ಯ ಇಲ್ಲ. ನಡುವೆ ಏನಿರುತ್ತದೆ? ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟ ಎರೆ ಮಣ್ಣು, ಹರಿದ ಬಲೆ, ಒಣಗಿದ ಚಿಪ್ಪು, ಜಾಲಿ ಕಂಟಿ, ಅಲ್ಲಲ್ಲಿ ಯಾರದೋ ಮನೆಯ ಬುನಾದಿ ಕಲ್ಲು. ನೀರು ಬೇಗ ಇಳಿದ ಕಡೆ ದಂಡೆಯ ರೈತರು ಕಡಲೆ, ಜೋಳ ಬಿತ್ತಿರುತ್ತಾರೆ. ಆ ನೆಲ ನಿಮ್ಮದಲ್ಲ, ಮಾರುವವರದ್ದೂ ಅಲ್ಲ, ಜಲಾಶಯಕ್ಕೆ ಅಂತ ಸರ್ಕಾರ ಸ್ವಾಧೀನ ಮಾಡಿಕೊಂಡದ್ದು. "ನೀರಿನ ತನಕ ನಮ್ದೇರಿ" ಅಂತ ಮಾಲೀಕರು ಕೈ ಚಾಚಿ ತೋರಿಸಿದರೆ ಆ ಕೈ ನಂಬಬೇಡಿ. ಸರ್ವೆ ನಕ್ಷೆ ಹಿಡಿದು ಬಾಂದಿನ ಕಲ್ಲು ಹುಡುಕಿ.

ನೀರು ಹಿಂದೆ ಸರಿದರೆ ಹೋಗಲಿ ಬಿಡಿ, ಚೆಂದ ಹಾಳಾಗುತ್ತದೆ ಅಷ್ಟೇ. ನಿಮ್ಮ ಕಡೆ ಬಂದರೆ?

ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರ್ ತನಕ. ರಾಜ್ಯಗಳಿಗೆ ಕೃಷ್ಣೆಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ 524.256 ಮೀಟರ್ ತನಕ ನಿಲ್ಲಿಸಲು ಕರ್ನಾಟಕಕ್ಕೆ ಅವಕಾಶ ಇದೆ. ಆ ತೀರ್ಪು ಗೆಜೆಟ್‌ನಲ್ಲಿ ಬರಬೇಕು, ಅದು ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ. ಸಿಕ್ಕಿಕೊಂಡಿದೆ ಅಂದರೆ ಮುಗಿದುಹೋಯಿತು ಅಂತ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ಜಮೀನಿಗೆ ದರ ಕೂಡ ಗೊತ್ತು ಮಾಡಿದೆ, ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ. ಮುಳುಗುವುದು 75 ಸಾವಿರ ಎಕರೆಗೂ ಜಾಸ್ತಿ. ಅದರಲ್ಲಿ ನೀವು ನೋಡಿದ ಒಂದೂವರೆ ಎಕರೆ ಇದೆಯೋ ಇಲ್ಲವೋ, ನಿಮ್ಮ ಪ್ರಶ್ನೆ ಇದೊಂದೇ.

ಲೆಕ್ಕ ಸುಲಭ. ಈಗಿನ ಮಟ್ಟಕ್ಕೂ ಮುಂದಿನ ಮಟ್ಟಕ್ಕೂ ಸುಮಾರು 15 ಅಡಿ ವ್ಯತ್ಯಾಸ. ನಮ್ಮ ಎರೆ ಹೊಲ ಚಪಾತಿ ಹಾಗೆ. ನೂರು ಅಡಿಗೆ ಒಂದು ಅಡಿ ಇಳಿಜಾರು ಅಂತ ಹಿಡಿದರೂ 15 ಅಡಿ ಏರಿದ ನೀರು 1500 ಅಡಿ ಒಳಗೆ ಬರುತ್ತದೆ. ನಿಮ್ಮ ಕಟ್ಟೆ ಇರುವುದು ಐವತ್ತು ಹೆಜ್ಜೆಯಲ್ಲಿ! ಆದ್ದರಿಂದ ದಂಡೆಯಿಂದ ಎಷ್ಟು ದೂರ ಅಂತ ಯಾರನ್ನೂ ಕೇಳಬೇಡಿ, ಎಷ್ಟು ಎತ್ತರ ಅಂತ ಕೇಳಿ. ಖಾಸಗಿ ಸರ್ವೆಯವರನ್ನು ಕರೆದುಕೊಂಡು ಹೋಗಿ, ಗೊತ್ತಿರುವ ಮಟ್ಟದ ಕಲ್ಲಿನಿಂದ ಆಟೋ ಲೆವೆಲ್ (ಎತ್ತರ ಅಳೆಯುವ ಉಪಕರಣ) ಇಡಿಸಿ, ಮನೆ ಹೊಸ್ತಿಲು ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ದಿನದ ಕೆಲಸ. 524ರ ಆಸುಪಾಸು ಬಂದರೆ ನಮಸ್ಕಾರ ಹೇಳಿ ಬಂದುಬಿಡಿ. ಅದಕ್ಕಿಂತ ಚೆನ್ನಾಗಿ ಮೇಲಿದ್ದರೆ ಮುಂದಿನ ಮಾತು.

ಸರ್ವೆ ನಂಬರ್ ಹಿಡಿದು ನವನಗರದ ಪುನರ್ವಸತಿ ಆಯುಕ್ತರ ಕಚೇರಿಗೂ ಒಮ್ಮೆ ಬನ್ನಿ. ಆ ನಂಬರ್ ಮುಳುಗಡೆಯಲ್ಲಿ ಇದೆಯಾ ಅಂತ ಬಾಯಿ ಮಾತಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತಗೊಳ್ಳಿ. ಪ್ರಾಥಮಿಕ ಅಧಿಸೂಚನೆ ಆದ ಜಮೀನನ್ನು ಆಮೇಲೆ ಮಾರುವಂತಿಲ್ಲ, 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಹಾಗಂತ ಇದೆ. ಮನೆಗಲ್ಲ, ನಾಳೆ ಬರುವ ಪರಿಹಾರಕ್ಕೇ ಕಣ್ಣಿಟ್ಟು ಹೊಲ ಕೊಳ್ಳುವವರೂ ಇದ್ದಾರೆ. ಅದು ಜೂಜು, ನೀವು ನಿವೃತ್ತಿ ದುಡ್ಡು ಹಾಕುವವರು.

ಇನ್ನು ಕಾಗದ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 9ನೇ ಕಾಲಮ್ ನೋಡಿ ಎಲ್ಲರೂ ಖುಷಿಯಾಗುತ್ತಾರೆ, ಮಾಲೀಕರ ಹೆಸರು ಅಲ್ಲಿರುತ್ತದೆ ಅಂತ. ನೀವು 11ನೇದನ್ನೂ ಓದಿ. ಸೊಸೈಟಿ ಸಾಲ, ಕೋರ್ಟ್ ತಡೆ, ಸ್ವಾಧೀನದ ಸುದ್ದಿ ಎಲ್ಲ ಕೂತಿರುವುದು ಅಲ್ಲಿ. 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. ಹಳೇ ಡೈರಿಗಳನ್ನೂ (ಖಾತೆ ಬದಲಾವಣೆಯ ದಾಖಲೆ) ತೆಗೆಸಿ, ಅಪ್ಪನಿಂದ ಮಗನಿಗೆ ಹೇಗೆ ಬಂತು, ವಾಟ್ನಿ (ಆಸ್ತಿ ಪಾಲು) ಯಾವಾಗ ಆಯಿತು ಅಂತ ನೋಡಿ. ಮಾರುವವರಿಗೆ ಅಕ್ಕತಂಗಿಯರು ಎಷ್ಟು ಜನ ಅಂತ ಕೇಳಿ. ಕೇಳಲು ಸಂಕೋಚ ಆಗುತ್ತದೆ, ಆದರೂ ಕೇಳಿ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. "ಅವರು ಕೊಟ್ಟ ಮನೆಯಲ್ಲಿ ಆರಾಮ ಇದ್ದಾರೆ, ಏನೂ ಕೇಳಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ. ಅವರ ಸಹಿ ಖರೀದಿ ಪತ್ರದಲ್ಲೇ ಬೀಳಬೇಕು.

ನೀವು ರೈತರಲ್ಲದಿದ್ದರೂ ಹೊಲ ಕೊಳ್ಳಬಹುದು, 2020ರಲ್ಲಿ ಭೂಸುಧಾರಣೆ ಕಾಯ್ದೆ ಬದಲಾದ ಮೇಲೆ ಆ ತೊಡಕು ಹೋಗಿದೆ. ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸದೆ ತೋಟದ ಮನೆ ಇರಬಹುದು, ಆದರೆ ಹಿಡುವಳಿಯ ಶೇಕಡಾ 10ಕ್ಕಿಂತ ಜಾಸ್ತಿ ಜಾಗ ಹಿಡಿಯುವಂತಿಲ್ಲ. ಎರಡು ಕೋಣೆಗೆ ತೊಂದರೆ ಇಲ್ಲ. ನಾಳೆ ಪಕ್ಕದಲ್ಲಿ ನಾಲ್ಕು ಕೋಣೆ ಏರಿಸಿ ಬಾಡಿಗೆಗೆ ಬಿಡುತ್ತೇನೆ ಅಂದರೆ ಅದು ಹೊಲದ ಮನೆಯಲ್ಲ, ವ್ಯಾಪಾರ. ಆಗ ಎನ್‌ಎ ಬೇಕು.

ಪ್ರಶ್ನೆ: ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಹಿನ್ನೀರು ಕಾಣುವ ಹಾಗೆ 4 ಗುಂಟೆ ಪ್ಲಾಟ್ ಸಿಗುತ್ತಿದೆ. ಬೆಳಗಾವಿಯಿಂದ ಶನಿವಾರ ಹೋಗಿ ರವಿವಾರ ಬರಬಹುದು. ಬಾಂಡ್ ಮೇಲೆ ಬರೆದುಕೊಡುತ್ತಾರಂತೆ, ನೋಂದಣಿ ಆಮೇಲೆ ಮಾಡಿಸೋಣ ಅಂತಾರೆ. ರೇಟು ಕಡಿಮೆ.

ಉತ್ತರ: ರೇಟು ಕಡಿಮೆ ಇರುವುದೇ ಅದಕ್ಕೆ.

ನೂರು ರೂಪಾಯಿ ಬಾಂಡ್ ಮೇಲೆ ಬರೆದದ್ದು ಮಾರಾಟ ಅಲ್ಲ. ಸಾಟೇಖತ್ ಅಂದರೆ ಮುಂದೆ ಮಾರುತ್ತೇನೆ ಅನ್ನುವ ಒಪ್ಪಂದ, ಅದರಿಂದ ಜಾಗ ನಿಮ್ಮದಾಗುವುದಿಲ್ಲ. ಉತಾರದಲ್ಲಿ ಹಳೇ ಹೆಸರೇ ಇರುತ್ತದೆ, ಅವರು ಅದೇ ಹೊಲ ತೋರಿಸಿ ಸಾಲ ಎತ್ತಬಹುದು, ಇನ್ನೊಬ್ಬರಿಗೆ ಖರೀದಿ ಹಾಕಿಕೊಡಲೂಬಹುದು. ದೊಡ್ಡ ಹೊಲದಲ್ಲಿ ನಾಲ್ಕು ಗುಂಟೆ ತುಂಡು ಮಾಡಿ ಮಾರಬೇಕಾದರೆ 11ಇ ನಕ್ಷೆ, ಅಂದರೆ ಆ ತುಂಡಿನ ಸರ್ವೆ ನಕ್ಷೆ ಬೇಕು. ಮನೆ ಪ್ಲಾಟ್ ಅಂದರೆ ಎನ್‌ಎ ಆಗಿರಬೇಕು, ಲೇಔಟ್‌ಗೆ ಮಂಜೂರಾತಿ ಇರಬೇಕು, ಪಂಚಾಯ್ತಿಯಲ್ಲಿ ಇ-ಸ್ವತ್ತು (ಆನ್‌ಲೈನ್ ಖಾತೆ) ಬರಬೇಕು. ಇದ್ಯಾವುದೂ ಇಲ್ಲದೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಕಮಾನು ನಿಲ್ಲಿಸಿದರೆ ಅದು ಪ್ಲಾಟ್ ಆಗುವುದಿಲ್ಲ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತೀನಿ ಅಂದರೆ ನಾನೇ ಬಿದ್ದಿದ್ದೇನೆ. ಬಹಳ ಹಿಂದೆ ಘಟಪ್ರಭಾ ದಂಡೆಗೆ ಐದು ಗುಂಟೆ, ಬಾಂಡ್ ಮೇಲೆ. ಪರಿಚಯದವರು, ಚಹಾ ಕುಡಿಸಿದರು, ಮೊದಲ ವರ್ಷ ಒಂದು ಚೀಲ ಗೋಧಿನೂ ಕಳಿಸಿದರು. ಬೇವಿನ ಗಿಡ ಹಚ್ಚಿದೆ, ತಂತಿ ಬೇಲಿ ಹಾಕಿಸಿದೆ. ಮೂರನೇ ವರ್ಷ ಅವರ ಅಕ್ಕ ಪಾಲು ಕೇಳಿ ದಾವೆ ಹಾಕಿದರು. ಅವರು ಕೇಳಿದ್ದು ನ್ಯಾಯವೇ. ಕೋರ್ಟಿನಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ, ಯಾಕೆಂದರೆ ಕಾಗದದಲ್ಲಿ ನಾನು ಎಲ್ಲೂ ಇರಲಿಲ್ಲ. ಬೇವಿನ ಗಿಡ ಈಗ ದೊಡ್ಡದಾಗಿದೆ, ರಸ್ತೆಯಿಂದಲೇ ಕಾಣುತ್ತದೆ.

ಹಿಡಕಲ್ ಕಡೆ ನೋಟಕ್ಕೆ ಮನಸ್ಸು ಸೋಲುವುದು ಸಹಜ, ಗುಡ್ಡ ಇದೆ, ನಮ್ಮ ಕಡೆಗಿಂತ ಹಸಿರು. ಆದರೆ ಅದೂ 51 ಟಿಎಂಸಿಯ ಜಲಾಶಯ, ಅದೂ ಇಳಿಯುತ್ತದೆ. ಹುನ್ನೂರಿನ ವಿಠ್ಠಲ ಗುಡಿ ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ. ಗುಡಿಗೆ ಜನ ಹೋಗುವ ಕಾಲದಲ್ಲೇ ನಿಮ್ಮ ಪ್ಲಾಟ್‌ಗೂ ಹೋಗಿ ಬನ್ನಿ, ನೀರು ಅಲ್ಲಿಂದ ಕಾಣುತ್ತದಾ ನೋಡಿ.

ಪ್ರಶ್ನೆ: ನಾನು ವಿಜಯಪುರದ ಶಿಕ್ಷಕ. ಬಬಲೇಶ್ವರ ಕಡೆ ಕೆರೆ ತುಂಬಿಸಿದ ಮೇಲೆ ಮಮದಾಪುರದಂಥ ಕೆರೆಗಳ ಸುತ್ತ ಜಾಗಕ್ಕೆ ಬೇಡಿಕೆ ಬಂದಿದೆ. ಕೆರೆ ಅಂದರೆ ಡ್ಯಾಮ್ ಹಾಗೆ ಏರಿಳಿತ ಇರಲ್ಲ ಅಲ್ವಾ?

ಉತ್ತರ: ಇರುತ್ತದೆ ಗುರುಗಳೇ. ಮಮದಾಪುರದ ಕೆರೆ ಆದಿಲ್‌ಶಾಹಿ ಕಾಲದ್ದು. ಆದರೆ ಈಗ ಅದರಲ್ಲಿ ನಿಂತ ನೀರಿನಲ್ಲಿ ಮಳೆಯದ್ದಕ್ಕಿಂತ ಮೋಟಾರಿನ ಪಾಲು ದೊಡ್ಡದು. ಕೃಷ್ಣೆಯಿಂದ ಎತ್ತಿ, ಕಾಲುವೆಯಲ್ಲಿ ಹರಿಸಿ ತುಂಬಿಸುತ್ತಾರೆ. ಈ ನೀರು ಬಂದ ಮೇಲೆ ಸುತ್ತಿನ ಬಾವಿ, ಬೋರ್ ಜೀವ ಹಿಡಿದವು, ಅದು ಸಣ್ಣ ಮಾತಲ್ಲ. ಆದರೆ ಪಂಪು ನಿಂತ ವರ್ಷ ಕೆರೆಯಂಗಳ ಮತ್ತೆ ಕುರಿ ಮೇಯುವ ಬಯಲು. ಜಾಗ ನೋಡಲು ಹೋದಾಗ ಊರಿನ ಹಿರಿಯರ ಹತ್ತಿರ ಕೂತು, ಕೆರೆ ಪೂರಾ ಒಣಗಿದ್ದು ಯಾವ ಯಾವ ವರ್ಷ, ಕೋಡಿ ಬಿದ್ದದ್ದು ಯಾವ ವರ್ಷ ಅಂತ ಕೇಳಿ. ಕೋಡಿ ನೀರು ಹರಿಯುವ ಹಳ್ಳದ ದಾರಿಯಲ್ಲಿ ಮಾತ್ರ ಜಾಗ ಬೇಡ. ಹತ್ತು ವರ್ಷ ಒಣಗಿದ್ದ ಹಳ್ಳಕ್ಕೆ ಹನ್ನೊಂದನೇ ವರ್ಷ ದಾರಿ ನೆನಪಾಗುತ್ತದೆ.

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಲ್ಲಿ, ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರಿ ಅಂತ ತೋರಿಸುತ್ತದೆ. ಕೆರೆಯ ನಂಬರ್‌ನಲ್ಲೇ ನಿಂತಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಪಕ್ಕದ ನಂಬರ್ ಆದರೂ ಕೆರೆ ಗಡಿಯಿಂದ ಎಷ್ಟು ಬಿಟ್ಟು ಕಟ್ಟಬೇಕು ಅಂತ ತಹಶೀಲ್ದಾರ್ ಕಚೇರಿಯಿಂದ ಬರೆಸಿಕೊಳ್ಳಿ.

ಪ್ರಶ್ನೆ: ಕಟ್ಟಿದ ಮನೆಯೇ ಸಿಕ್ಕಿದೆ, ನಾಲ್ಕು ವರ್ಷದ್ದು. ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದೆ. ಗಿಲಾವು ಮಾಡಿಸಿದರೆ ಸರಿಹೋಗುತ್ತದೆ ಅಂತ ಮೇಸ್ತ್ರಿ ಹೇಳಿದ. ನಿಜವಾ? (ಮುಧೋಳ)

ಉತ್ತರ: ಗಿಲಾವಿನ ಬಿರುಕು ಜೇಡರ ಬಲೆ ಹಾಗೆ ಸಣ್ಣದಾಗಿ ಹರಡಿರುತ್ತದೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲು ಹೋದರೆ ಅದು ಬುನಾದಿ ಮಾತಾಡುತ್ತಿರುವುದು. ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ಮನೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ನೀರಿನ ದಂಡೆಯಲ್ಲಿ ಇನ್ನೂ ಕಷ್ಟ, ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ.

ಬಿರುಕಿನ ಅಡ್ಡಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ತುದಿಯಲ್ಲಿ ಗುರುತು ಹಾಕಿ, ತಾರೀಖು ಬರೆಯಿರಿ. ಎರಡು ತಿಂಗಳಾದ ಮೇಲೆ ನೋಡಿ. ಬಿರುಕು ಗುರುತು ದಾಟಿದ್ದರೆ ಅದು ಇನ್ನೂ ಓಡುತ್ತಿದೆ, ಬಣ್ಣ ಗಿಲಾವು ಎಲ್ಲ ದಂಡ.

ಹೊಸದಾಗಿ ಕಟ್ಟುವವರಿಗೂ ಇಲ್ಲೇ ಹೇಳಿಬಿಡ್ತೀನಿ. ಪಾಯ ಗರಸು (ಗಟ್ಟಿ ಜಲ್ಲಿ ಮಣ್ಣು) ಸಿಗುವ ತನಕ ಇಳಿಯಬೇಕು. ಗರಸು ಬಹಳ ಆಳದಲ್ಲಿದ್ದರೆ ತುದಿ ದಪ್ಪ ಇರುವ ಪೈಲ್ ಇಳಿಸಿ, ಮೇಲೆ ಪ್ಲಿಂತ್ ಬೀಮ್ ಹಾಕಿಸಿ, ಬೀಮಿನ ಕೆಳಗೆ ಮಣ್ಣು ಉಬ್ಬಲು ಸ್ವಲ್ಪ ಜಾಗ ಬಿಡಿಸಿ. ಪಾಯ ತೋಡಿದ ಎರೆ ಮಣ್ಣನ್ನೇ ಒಳಗೆ ತುಂಬಿ ಮೇಲೆ ಶಹಾಬಾದ್ ಕಲ್ಲು ಹಾಸುವವರಿದ್ದಾರೆ, ಎರಡು ಮಳೆಗಾಲಕ್ಕೆ ಕಲ್ಲು ಎದ್ದು ಕೂರುತ್ತವೆ. ಒಳಗೆ ಗರಸೇ ತುಂಬಿಸಿ. ಮನೆ ಸುತ್ತ ಮೂರು ನಾಲ್ಕು ಅಡಿ ಕಾಂಕ್ರೀಟ್ ಹಾಕಿಸಿ, ಸೂರಿನ ನೀರು ಗೋಡೆ ಬುಡಕ್ಕೆ ಇಳಿಯಬಾರದು.

ಮಣ್ಣು ಎಷ್ಟು ಉಬ್ಬುತ್ತದೆ ಅಂತ ನೋಡಲು ಒಂದು ಹಳೇ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಅಳತೆ ಗಾಜಿಗೆ ಹಾಕಿ. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನದು ಅದಕ್ಕಿಂತ ಎಷ್ಟು ಮೇಲೆ ಬಂದಿದೆ ಅಂತ ನೋಡಿದರೆ ಸಾಕು. ಈಗ ಸೀಮೆಎಣ್ಣೆ ಹುಡುಕುವುದೇ ಕಷ್ಟ, ಅದು ಬೇರೆ ಮಾತು.

ಇನ್ನೊಂದು. ಗೋಡೆ ಬುಡದಲ್ಲಿ ಉಪ್ಪು ಹೂವಿನ ಹಾಗೆ ಬಿಳಿ ಪುಡಿ ಎದ್ದಿದೆಯಾ ನೋಡಿ. ಮಲಪ್ರಭಾ, ಘಟಪ್ರಭಾ ನೀರಾವರಿಯ ಕಡೆ ಸವಳು-ಜವಳು (ಉಪ್ಪು ಹತ್ತಿದ, ನೀರು ನಿಂತ) ಜಮೀನು ಬೇಕಾದಷ್ಟಿದೆ. ಸವಳು ಹತ್ತಿದ ಕಡೆ ಬೆಳೆಯೂ ಕಷ್ಟ, ಇಟ್ಟಿಗೆಯೂ ಕಷ್ಟ.

ಪ್ರಶ್ನೆ: ಸರ್, ನಮ್ಮ ಮನೆಯವರಿಗೆ ರಿಟೈರ್ ಆದ ಮೇಲೆ ಹೊಳೆ ದಂಡೆಯಲ್ಲಿ ಶಾಂತವಾಗಿ ಇರಬೇಕಂತೆ. ನನಗೆ ಮನಸ್ಸಿಲ್ಲ. ಅಲ್ಲಿ ನಿಜವಾಗಲೂ ಶಾಂತ ಇರುತ್ತದಾ? (ಬೆಳಗಾವಿಯ ಓದುಗರು)

ಉತ್ತರ: ಅಕ್ಕ, ನೀವು ಗೆದ್ದಿರಿ.

ಕಬ್ಬಿನ ಹಂಗಾಮು ಶುರುವಾದರೆ ಚಳಿಗಾಲ ಪೂರ್ತಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿ ಎರಡು ಗಂಟೆಗೂ ಓಡುತ್ತವೆ, ಡ್ರೈವರ್‌ಗೆ ನಿದ್ದೆ ಬರಬಾರದಲ್ಲ, ಅದಕ್ಕೆ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ಕಟ್ಟಿ ಜಾನಪದ ಹಾಡು ಹಚ್ಚಿರುತ್ತಾನೆ. ನೀರಿನ ಮೇಲೆ ಆ ಸದ್ದು ಆಚೆ ದಂಡೆಯಿಂದಲೂ ಕೇಳುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ದಂಡೆಯ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಎಚ್ಚರಾಗುತ್ತವೆ. ಜಾತ್ರೆ, ಶ್ರಾವಣದ ಭಜನೆ, ಮೊಹರಂ ಕುಣಿತ, ಇವು ನನಗೆ ಇಷ್ಟ, ಶಾಂತಿ ಹುಡುಕಿ ಹೋದವರಿಗೆ ಹೇಗೋ ಗೊತ್ತಿಲ್ಲ. ಸಂಜೆ ದೀಪ ಹಚ್ಚಿದರೆ ನುಸಿ, ಆಮೇಲೆ ಸೊಳ್ಳೆ. ದಂಡೆಯ ಕಂಟಿಯಲ್ಲಿ ಕೊಳಕುಮಂಡಲ ಇರುತ್ತದೆ, ಕೃಷ್ಣಾ ದಂಡೆಯವರಿಗೆ ಮೊಸಳೆಯೂ ಹೊಸತಲ್ಲ.

ಆದರೂ ಮನೆಯವರು ಹಟ ಹಿಡಿದರೆ ಒಂದು ಕೆಲಸ ಮಾಡಿ. ಹತ್ತಿರದ ಆಸ್ಪತ್ರೆಗೆ ರಾತ್ರಿ ಹತ್ತಕ್ಕೆ ಗಾಡಿಯಲ್ಲಿ ಹೋಗಿ ನೋಡಿ, ಹಗಲಲ್ಲ. ಎಷ್ಟು ಹೊತ್ತು ಹಿಡಿಯಿತು, ಹಾವು ಕಡಿತದ ಔಷಧಿ ಇದೆಯಾ, ಡಾಕ್ಟರ್ ಇರುತ್ತಾರಾ ಅಂತ ಕೇಳಿ ಬನ್ನಿ. ಆಮೇಲೆ ಅದೇ ಊರಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಒಂದು ವರ್ಷ ಇರಿ, ನಡುವೆ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಬರಬೇಕು. ಹಳ್ಳಿಯಲ್ಲಿ ಬಾಡಿಗೆ ಜಾಸ್ತಿ ಇರಲ್ಲ. ಬೇಡ ಅನ್ನಿಸಿದರೆ ಬೀಗ ಕೊಟ್ಟು ಬರಬಹುದು.

ಪ್ರಶ್ನೆ: ಪುನರ್ವಸತಿ ಕೇಂದ್ರದಲ್ಲಿ ಸಂತ್ರಸ್ತರಿಗೆ ಕೊಟ್ಟ ಸೈಟು ಕಡಿಮೆಗೆ ಸಿಗುತ್ತಿದೆ. ತಗೋಬಹುದಾ?

ಉತ್ತರ: ಹಕ್ಕುಪತ್ರ ಕೈಯಲ್ಲಿ ಹಿಡಿದು ಷರತ್ತು ಓದಿ. ಇಂತಿಷ್ಟು ವರ್ಷ ಮಾರಬಾರದು ಅಂತ ಬರೆದಿದ್ದರೆ ಮುಟ್ಟಬೇಡಿ. ಬರೆದಿಲ್ಲದಿದ್ದರೆ, ಹಕ್ಕುಪತ್ರದ ಹೆಸರೂ ಮಾರುವವರ ಹೆಸರೂ ಒಂದೇ ಆಗಿದ್ದರೆ, ವಕೀಲರಿಗೆ ತೋರಿಸಿ ಮುಂದುವರಿಯಿರಿ. ಒಳ್ಳೆ ಸೈಟುಗಳೂ ಇವೆ. ನೀರು ಕಾಣಲ್ಲ ಅಷ್ಟೇ.

ಪ್ರಶ್ನೆ: ನೀವು ಮುಳುಗಡೆಯವರು ಅಂತ ಹಿಂದೆಯೂ ಬರೆದಿದ್ದಿರಿ. ನಿಮ್ಮ ಹಳೇ ಮನೆ ಈಗಲೂ ಕಾಣುತ್ತದಾ? (ಕಾಲೇಜು ವಿದ್ಯಾರ್ಥಿನಿ, ಜಮಖಂಡಿ)

ಉತ್ತರ: ಮನೆ ಇಲ್ಲಮ್ಮ. ಬಾಗಿಲು, ತೊಲೆ, ಕಿಟಕಿ ಎಲ್ಲ ಬಿಡುವಾಗಲೇ ಕಿತ್ತುಕೊಂಡು ಬಂದೆವು, ಗೋಡೆ ಕರಗಿಹೋದವು. ಅಡುಗೆಮನೆಯ ಒಳಕಲ್ಲು ಮಾತ್ರ ನೆಲದಲ್ಲಿ ಹೂತಿತ್ತು, ಕೀಳಲು ಆಗಲಿಲ್ಲ. ನಮ್ಮವ್ವ ಇರುವ ತನಕ ನೀರು ಇಳಿದ ಬೇಸಿಗೆಯಲ್ಲಿ ನನ್ನ ಗಾಡಿ ಹತ್ತಿ ಅಲ್ಲಿಗೆ ಹೋಗುತ್ತಿದ್ದಳು. ಒಳಕಲ್ಲಿನ ತುಂಬ ಹೂಳು ಇರುತ್ತಿತ್ತು. ಕೈ ಹಾಕಿ ಮಣ್ಣು ತೆಗೆದು, ಸೆರಗಿನಿಂದ ಒರೆಸಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದಳು. "ಇಲ್ಲಿ ಬಾಗಿಲಾ, ಅಲ್ಲಿ ದನದ ಕೊಟ್ಟಿಗಿ" ಅಂತ ನನಗೆ ತೋರಿಸುತ್ತಿದ್ದಳು, ನಾನು ಅಲ್ಲೇ ಹುಟ್ಟಿ ಬೆಳೆದವನು ಅನ್ನುವುದು ಮರೆತವಳ ಹಾಗೆ. ಹೋದ ಬೇಸಿಗೆಯಲ್ಲಿ ನಾನೊಬ್ಬನೇ ಹೋಗಿದ್ದೆ. ನೀರು ಅಷ್ಟು ಇಳಿದಿರಲಿಲ್ಲ.